ದಾದರ್ ಕಲಿಸುವ ಪಾಠ: ವಿಪತ್ತು ಪರಿಹಾರ ಮತ್ತು ಸಾರ್ವಜನಿಕ ಆರೋಗ್ಯ ಶಿಕ್ಷಣ

ನೆರೆ, ಭೂಕಂಪ, ಚಂಡಮಾರುತ ಮೊದಲಾದ ವಿಪತ್ತುಗಳು ಸಂಭವಿಸಿದಾಗ ಅನ್ನ, ಬಟ್ಟೆ ಮತ್ತು ಹಣವನ್ನು ನೀಡಲು ಜನರು ಮುಂದೆ ಬರುತ್ತಾರೆ. ಇದು ನಮ್ಮ ಸಮಾಜದ ಹಿರಿಯ ಗುಣ. ಆದರೆ ವಿಪತ್ತಿನ ಮೊದಲ ಹೊಡೆತದಿಂದ ಪಾರಾದವರನ್ನು ಎರಡನೆಯ ಹೊಡೆತವೊಂದು ಕಾದಿರುತ್ತದೆ. ಕಲುಷಿತ ನೀರು, ಕಿಕ್ಕಿರಿದ ಶಿಬಿರ, ಹರಡುವ ಜ್ವರ ಮತ್ತು ವಾಂತಿಭೇದಿ, ಇವೇ ಆ ಎರಡನೆಯ ಹೊಡೆತ. ಇದನ್ನು ತಡೆಯಲು ಕರುಣೆಯೊಂದೇ ಸಾಲದು. ಕರುಣೆಗೆ ಲೆಕ್ಕದ ಮತ್ತು ವ್ಯವಸ್ಥೆಯ ಬಲ ಬೇಕು. ಆ ಬಲವನ್ನು ನೀಡುವುದೇ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಶಿಕ್ಷಣದ ಉದ್ದೇಶ. ಇದರ ಅಗತ್ಯವನ್ನು ಅರಿಯಲು ಮುಂಬಯಿಯ ದಾದರ್ ಒಂದು ಉತ್ತಮ ಪಾಠಶಾಲೆಯಾಗಿದೆ.

ಪ್ಲೇಗಿನಿಂದ ಹುಟ್ಟಿದ ಬಡಾವಣೆ

1896ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಮಾಂಡ್ವಿ ಪ್ರದೇಶದಲ್ಲಿ ಪ್ಲೇಗು ಕಾಣಿಸಿಕೊಂಡಿತು. ರೋಗವನ್ನು ಮೊದಲು ಗುರುತಿಸಿದವರು ಡಾ. ಅಕಾಸಿಯೊ ವೀಗಾಸ್. ಬಂದರಿನ ಸುತ್ತಲಿನ ಇಕ್ಕಟ್ಟಾದ, ಗಾಳಿ ಬೆಳಕಿಲ್ಲದ ವಸತಿಗಳಲ್ಲಿ ರೋಗ ಬಹುಬೇಗ ಹಬ್ಬಿತು. ಅಂದಿನ ಸರ್ಕಾರ ಮನೆಗಳನ್ನು ಶೋಧಿಸಿ, ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಸಾಗಿಸಲು ತೊಡಗಿತು. ಭಯಗೊಂಡ ಜನರು ರೋಗಿಗಳನ್ನು ಬಚ್ಚಿಟ್ಟರು. ಅಸಂಖ್ಯ ಜನರು ನಗರವನ್ನೇ ತೊರೆದರು. 1891ರಲ್ಲಿ 8,21,764 ಇದ್ದ ನಗರದ ಜನಸಂಖ್ಯೆ 1901ರ ಗಣತಿಯಲ್ಲಿ 7,76,006ಕ್ಕೆ ಇಳಿದಿತ್ತು.

ಈ ಅನುಭವದ ಫಲವಾಗಿ 1898ರಲ್ಲಿ ಮುಂಬಯಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪನೆಯಾಯಿತು. ಅಗಲವಾದ ರಸ್ತೆಗಳು, ಕಟ್ಟಡಗಳ ನಡುವೆ ಬಯಲು ಹಾಗೂ ಉದ್ಯಾನಗಳಿರುವ ದಾದರ್–ಮಾಟುಂಗಾ ಬಡಾವಣೆಗಳು ಅದರ ಯೋಜನೆಯಂತೆ ರೂಪುಗೊಂಡವು. ಹೀಗೆ, ದಾದರ್‌ನ ಒಂದು ಭಾಗ ಒಂದು ಮಹಾವಿಪತ್ತಿನಿಂದ ಕಲಿತ ಪಾಠದ ಗುರುತಾಗಿ ಇಂದಿಗೂ ನಿಂತಿದೆ.

ಒಂದೇ ನಗರ, ಹಲವು ವಿಪತ್ತುಗಳು

ಪಶ್ಚಿಮ ಮತ್ತು ಮಧ್ಯ ರೈಲು ಮಾರ್ಗಗಳು ಕೂಡುವ ದಾದರ್ ನಿಲ್ದಾಣದಲ್ಲಿ ಪ್ರತಿದಿನವೂ ಅಪಾರ ಜನಸಂದಣಿ ಇರುತ್ತದೆ. 1993ರ ಮಾರ್ಚ್ 12ರ ಸರಣಿ ಸ್ಫೋಟಗಳಲ್ಲಿ ಒಂದು ಇಲ್ಲಿನ ಪ್ಲಾಜಾ ಚಿತ್ರಮಂದಿರದ ಬಳಿ ನಡೆಯಿತು. 2011ರ ಜುಲೈ 13ರಂದು ಮತ್ತೊಮ್ಮೆ ದಾದರ್ ಸ್ಫೋಟಕ್ಕೆ ಗುರಿಯಾಯಿತು. 2017ರ ಸೆಪ್ಟೆಂಬರ್ 29ರಂದು ಮುಂದಿನ ನಿಲ್ದಾಣವಾದ ಅಂದಿನ ಎಲ್ಫಿನ್‌ಸ್ಟನ್ ರೋಡಿನ ಇಕ್ಕಟ್ಟಾದ ಪಾದಚಾರಿ ಸೇತುವೆಯ ಮೇಲೆ ಕಾಲ್ತುಳಿತ ಸಂಭವಿಸಿ 23 ಜನರು ಮಡಿದರು.

ನೆರೆಯ ಪಾಠ ಇನ್ನೊಂದು ಬಗೆಯದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ಅವಧಿಯಲ್ಲಿ ಕೊಲಾಬಾದಲ್ಲಿ ಬಿದ್ದ ಮಳೆ ಅದರ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ನೀರು ಇಳಿದ ಮೇಲೆ ನಗರದಲ್ಲಿ ಇಲಿಜ್ವರ ಕಾಣಿಸಿಕೊಂಡಿತು. ಇಲಿಯ ಮೂತ್ರದಿಂದ ಮಲಿನವಾದ ನೀರಿನಲ್ಲಿ ನಡೆದಾಗ, ಕಾಲಿನ ಸಣ್ಣ ಗಾಯದ ಮೂಲಕವೂ ಈ ರೋಗಾಣು ದೇಹವನ್ನು ಸೇರುತ್ತದೆ. ಮಳೆಯಲ್ಲಿ ಮುಳುಗದೆ ಮನೆ ಸೇರಿದವನು ಕೆಲವು ದಿನಗಳ ನಂತರ ಜ್ವರದಿಂದ ಸಾಯಬಹುದು. ದಾದರ್‌ಗೆ ಹೊಂದಿಕೊಂಡ ಹಿಂದ್‌ಮಾತಾದಂತಹ ತಗ್ಗು ಪ್ರದೇಶಗಳ ನಿವಾಸಿಗಳಿಗೆ ಇದು ಪ್ರತಿ ಮಳೆಗಾಲದ ಚಿಂತೆ.

ಶಿಕ್ಷಣದ ಬೆಳವಣಿಗೆ

ನಮ್ಮ ದೇಶದಲ್ಲಿ ಸಾರ್ವಜನಿಕ ಆರೋಗ್ಯದ ಉನ್ನತ ಶಿಕ್ಷಣಕ್ಕಾಗಿ 1932ರಲ್ಲಿ ಕೋಲ್ಕತ್ತದಲ್ಲಿ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಪ್ರಾರಂಭವಾಯಿತು. ಮುಂಬಯಿಯಲ್ಲಿ 1936ರಲ್ಲಿ ಆರಂಭವಾದ ಸಮಾಜಕಾರ್ಯದ ಶಾಲೆಯೇ ಮುಂದೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾಗಿ ಬೆಳೆಯಿತು. ದೇಶ ವಿಭಜನೆಯ ಕಾಲದಲ್ಲಿ ಈ ಸಂಸ್ಥೆಯವರು ಕುರುಕ್ಷೇತ್ರದ ನಿರಾಶ್ರಿತರ ಶಿಬಿರದಲ್ಲಿ ಸೇವೆ ಸಲ್ಲಿಸಿದರು. 1984ರ ಭೋಪಾಲ್ ಅನಿಲ ದುರಂತದ ನಂತರ ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಸಂತ್ರಸ್ತರ ಸಮೀಕ್ಷೆ ನಡೆಸಿದರು. 2004ರ ಸುನಾಮಿಯ ನಂತರದ ವರ್ಷಗಳಲ್ಲಿ ವಿಪತ್ತು ನಿರ್ವಹಣೆ ಅಲ್ಲಿ ಒಂದು ಪ್ರತ್ಯೇಕ ಸ್ನಾತಕೋತ್ತರ ವಿಷಯವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಸಂತ್ರಸ್ತರ ಮನಸ್ಸಿನ ಆರೈಕೆಯನ್ನು ಪರಿಹಾರ ಕಾರ್ಯದ ಅಂಗವನ್ನಾಗಿಸಿ ತರಬೇತಿ ನೀಡುತ್ತ ಬಂದಿದೆ. 2005ರ ವಿಪತ್ತು ನಿರ್ವಹಣಾ ಅಧಿನಿಯಮವು ರಾಷ್ಟ್ರ, ರಾಜ್ಯ ಮತ್ತು ಜಿಲ್ಲಾ ಮಟ್ಟಗಳಲ್ಲಿ ಪ್ರಾಧಿಕಾರಗಳ ರಚನೆಗೆ ಅವಕಾಶ ಕಲ್ಪಿಸಿದ ಮೇಲೆ ತರಬೇತಿ ಪಡೆದವರ ಅಗತ್ಯ ಹೆಚ್ಚಿದೆ.

ಎಣಿಕೆಯೇ ಮೊದಲ ಮದ್ದು

ಈ ಶಿಕ್ಷಣದ ಮೊದಲ ಪಾಠ, ಕೊಡುವುದಕ್ಕೆ ಮುನ್ನ ಕೇಳಿ ತಿಳಿಯುವುದು ಮತ್ತು ಎಣಿಸುವುದು. ಎಷ್ಟು ಜನರಿದ್ದಾರೆ? ಅವರಲ್ಲಿ ಮಕ್ಕಳೆಷ್ಟು, ಗರ್ಭಿಣಿಯರೆಷ್ಟು, ಪ್ರತಿದಿನ ಮಾತ್ರೆ ನುಂಗಬೇಕಾದ ರೋಗಿಗಳೆಷ್ಟು?

ಉದಾಹರಣೆಗೆ, 10,000 ಜನರ ಒಂದು ಶಿಬಿರವನ್ನು ಕಲ್ಪಿಸಿಕೊಳ್ಳಬಹುದು. 1997ರಲ್ಲಿ ಆರಂಭವಾದ ಸ್ಫಿಯರ್ ಯೋಜನೆಯ ಅಂತರರಾಷ್ಟ್ರೀಯ ಮಾನದಂಡದಂತೆ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕು. ಅಂದರೆ ಶಿಬಿರಕ್ಕೆ ದಿನಕ್ಕೆ 1,50,000 ಲೀಟರ್. 10,000 ಲೀಟರ್ ಹಿಡಿಸುವ ಟ್ಯಾಂಕರು 15 ಬಾರಿ ಬರಬೇಕು. 250 ಜನರಿಗೊಂದರಂತೆ 40 ನಲ್ಲಿಗಳು, 20 ಜನರಿಗೊಂದರಂತೆ 500 ಶೌಚಾಲಯಗಳು ಅಗತ್ಯ. ಇಂತಹ ಶಿಬಿರದಲ್ಲಿ ದಿನಕ್ಕೆ ಒಂದು ಸಾವು ಸಂಭವಿಸುತ್ತ ಹೋದರೆ ಅದನ್ನು ತುರ್ತುಸ್ಥಿತಿಯ ಸೂಚನೆಯೆಂದು ಪರಿಗಣಿಸಲಾಗುತ್ತದೆ. ದಿನವೂ ಎಣಿಸದವರಿಗೆ ಈ ಸೂಚನೆ ಕಾಣಿಸುವುದೇ ಇಲ್ಲ.

ಮಕ್ಕಳಿಗೆ ದಡಾರದ ಲಸಿಕೆ, ನೀರಿಗೆ ಕ್ಲೋರಿನ್, ಭೇದಿಗೆ ಸಕ್ಕರೆ–ಉಪ್ಪಿನ ಜೀವಜಲ, ಸೊಳ್ಳೆಗಳ ನಿಯಂತ್ರಣ ಇವು ನಂತರದ ಪಾಠಗಳು. ಸ್ಫೋಟ ಅಥವಾ ಕಾಲ್ತುಳಿತದ ಸಂದರ್ಭದಲ್ಲಿ ಗಾಯಾಳುಗಳನ್ನು ತೀವ್ರತೆಗೆ ಅನುಗುಣವಾಗಿ ವಿಂಗಡಿಸಿ ಬೇರೆ ಬೇರೆ ಆಸ್ಪತ್ರೆಗಳಿಗೆ ಹಂಚುವುದನ್ನೂ ಕಲಿಸಲಾಗುತ್ತದೆ. ಎಲ್ಲರನ್ನೂ ಹತ್ತಿರದ ಒಂದೇ ಆಸ್ಪತ್ರೆಗೆ ತಂದರೆ, ತಕ್ಷಣ ಶಸ್ತ್ರಚಿಕಿತ್ಸೆ ಬೇಕಾದವನು ತರಚುಗಾಯದವರ ಸಾಲಿನ ಹಿಂದೆ ಉಳಿಯುತ್ತಾನೆ.

ಇಂತಹ ವ್ಯವಸ್ಥೆಯನ್ನು ವಿಪತ್ತಿಲ್ಲದ ದಿನವೂ ಅಭ್ಯಸಿಸಬಹುದು. ಡಾ. ಬಿ.ಆರ್. ಅಂಬೇಡ್ಕರ್ ಅವರ ಮಹಾಪರಿನಿರ್ವಾಣ ದಿನವಾದ ಡಿಸೆಂಬರ್ 6ರಂದು ಲಕ್ಷಾಂತರ ಜನರು ದಾದರ್‌ನ ಚೈತ್ಯಭೂಮಿಗೆ ಬರುತ್ತಾರೆ. ಅವರಿಗಾಗಿ ಶಿವಾಜಿ ಪಾರ್ಕಿನಲ್ಲಿ ನಗರಪಾಲಿಕೆ ನೀರು, ಶೌಚಾಲಯ, ತಂಗುದಾಣ ಮತ್ತು ವೈದ್ಯಕೀಯ ನೆರವನ್ನು ಏರ್ಪಡಿಸುತ್ತದೆ. ಕೆಲವೇ ದಿನಗಳ ಮಟ್ಟಿಗೆ ಒಂದು ಊರೇ ಎದ್ದು ನಿಲ್ಲುವ ಈ ಸಂದರ್ಭ ವಿದ್ಯಾರ್ಥಿಗೆ ಯಾವ ಗ್ರಂಥಕ್ಕಿಂತಲೂ ಕಡಿಮೆಯದಲ್ಲ.

ವಿಶ್ವಾಸವಿಲ್ಲದೆ ಲೆಕ್ಕವಿಲ್ಲ

1896ರ ಪ್ಲೇಗು ಇನ್ನೂ ಒಂದು ಪಾಠವನ್ನು ಉಳಿಸಿಹೋಗಿದೆ. ಜನರು ಹೆದರಿ ರೋಗಿಯನ್ನು ಬಚ್ಚಿಟ್ಟಾಗ ಲೆಕ್ಕ ತಪ್ಪುತ್ತದೆ. ಲೆಕ್ಕ ತಪ್ಪಿದಾಗ ಪರಿಹಾರವೂ ತಪ್ಪುತ್ತದೆ. ಆದುದರಿಂದ ಜನರೊಡನೆ ಅವರ ಭಾಷೆಯಲ್ಲಿ, ಗೌರವದಿಂದ ಮಾತನಾಡುವುದು ಸೌಜನ್ಯ ಮಾತ್ರವಲ್ಲ, ಚಿಕಿತ್ಸೆಯ ಒಂದು ಭಾಗವೂ ಹೌದು. ಹಲವು ಭಾಷೆಗಳ ಮುಂಬಯಿಯಲ್ಲಿ ಇದರ ಮಹತ್ವ ಹೆಚ್ಚು. 1926ರಲ್ಲಿ ಸ್ಥಾಪಿತವಾದ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಂತಹ ಕನ್ನಡಿಗರ ಸಂಸ್ಥೆಗಳು ಆರೋಗ್ಯ ಕಾರ್ಯಕರ್ತರಿಗೂ ಕುಟುಂಬಗಳಿಗೂ ನಡುವಣ ಸೇತುವೆಯಾಗಬಲ್ಲವು.

ನಾಗರಿಕರ ಕರ್ತವ್ಯವೂ ಇದೆ. ನೆರೆನೀರಿನಲ್ಲಿ ನಡೆದವರು ಜ್ವರ ಬರುವವರೆಗೆ ಕಾಯದೆ, 72 ಗಂಟೆಗಳೊಳಗೆ ವೈದ್ಯರ ಸಲಹೆ ಪಡೆಯಬೇಕು. ತಾವಾಗಿಯೇ ಔಷಧ ಸೇವಿಸಬಾರದು. ಮುಂಬಯಿಯಲ್ಲಿ ನಗರಪಾಲಿಕೆಯ ವಿಪತ್ತು ನಿಯಂತ್ರಣ ಕೊಠಡಿಯ ದೂರವಾಣಿ 1916, ಆಂಬುಲೆನ್ಸ್‌ಗೆ 108. ನೆರವು ಕಳುಹಿಸುವವರು ಶಿಬಿರಕ್ಕೆ ಏನು ಬೇಕೆಂದು ವಿಚಾರಿಸಿ ಕಳುಹಿಸಬೇಕು. ಗಣತಿಗೆ ಬಂದವರಿಗೆ ಮನೆಯಲ್ಲಿನ ರೋಗಿಯ ವಿಷಯವನ್ನು ಮರೆಮಾಚದೆ ತಿಳಿಸಬೇಕು. ವಿಪತ್ತನ್ನು ಯಾವಾಗಲೂ ತಡೆಯಲಾಗದು. ಆದರೆ ಅದರ ಹಿಂದೆ ಬರುವ ಸಾವುಗಳಲ್ಲಿ ಬಹಳಷ್ಟನ್ನು ತಡೆಯಬಹುದು.

ಅಭ್ಯಾಸಕ್ಕಾಗಿ

1. 4,000 ಜನರ ಶಿಬಿರಕ್ಕೆ ದಿನಕ್ಕೆ ಬೇಕಾಗುವ ನೀರು, ನಲ್ಲಿಗಳು ಮತ್ತು ಶೌಚಾಲಯಗಳನ್ನು ಲೆಕ್ಕ ಹಾಕಿರಿ.
2. 1896ರಲ್ಲಿ ಜನರು ರೋಗಿಗಳನ್ನು ಬಚ್ಚಿಡಲು ಕಾರಣವೇನು? ಇಂದು ಅಂತಹ ಸ್ಥಿತಿ ಬಾರದಂತೆ ಏನು ಮಾಡಬೇಕು?
3. ನಿಮ್ಮ ಬಡಾವಣೆಯ ತಗ್ಗು ಪ್ರದೇಶಗಳು ಯಾವುವು? ಅಲ್ಲಿನ ವೃದ್ಧರು ಮತ್ತು ರೋಗಿಗಳ ಪಟ್ಟಿಯನ್ನು ಯಾರು ಇರಿಸಿಕೊಂಡಿದ್ದಾರೆ?