ಬಯಲ ನಡುವಣ ದ್ವೀಪ: ನಂದಿಗಿರಿಶ್ರೇಣಿಯ ನೆಲ, ನೀರು, ಹಸುರು

ದ್ವೀಪವೆಂಬ ಶಬ್ದದ ಒಡಲಲ್ಲಿಯೇ ನೀರು ಅಡಗಿದೆ. 'ದ್ವಿ' ಎಂಬುದಕ್ಕೆ ನೀರೆಂಬ ಅರ್ಥದ 'ಅಪ್' ಶಬ್ದವು ಸೇರಿ, ಪಾಣಿನಿಯ ಸೂತ್ರದಂತೆ ಅಕಾರವು ಈಕಾರವಾಗಿ 'ದ್ವೀಪ' ಎಂಬ ರೂಪ ಸಿದ್ಧಿಸುತ್ತದೆ. ಎರಡೂ ಕಡೆ ನೀರುಳ್ಳ ನೆಲವೆಂಬುದು ಅದರ ಅರ್ಥ. ಅಚ್ಚಗನ್ನಡದಲ್ಲಿ ಅದು ನಡುಗಡ್ಡೆ; ಕರಾವಳಿಯ ಹೊಳೆಗಳಲ್ಲಿ ಕುದುರು; ಕಾವೇರಿಯ ಮಡಿಲಲ್ಲಿ ತಿಟ್ಟು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಸೀಮೆಗಳ ಮಕ್ಕಳಿಗೆ ಕಡಲು ಬಹುದೂರ. ಆದರೂ ದ್ವೀಪದ ಲಕ್ಷಣಗಳನ್ನು ಕಣ್ಣಾರೆ ಕಂಡು ಕಲಿಯಲು ಅವರು ಕಡಲವರೆಗೆ ಹೋಗಬೇಕಾಗಿಲ್ಲ. ಅವರ ಶಾಲೆಯ ಅಂಗಳದಿಂದಲೇ ಕಾಣುವ ನಂದಿಗಿರಿಶ್ರೇಣಿಯು ನೆಲದ ಮೇಲಣ ಒಂದು ದ್ವೀಪವೇ ಆಗಿದೆ.

ಇದು ಕೇವಲ ಕವಿಕಲ್ಪನೆಯಲ್ಲ. ಜರ್ಮನಿಯ ಭೂವಿಜ್ಞಾನಿ ವಿಲ್ಹೆಲ್ಮ್ ಬೋರ್ನ್‌ಹಾರ್ಟ್ ಎಂಬವನು ಪೂರ್ವ ಆಫ್ರಿಕದ ಬಯಲುಗಳಲ್ಲಿ ಥಟ್ಟನೆ ತಲೆಯೆತ್ತಿ ನಿಂತ ಒಂಟಿ ಬೆಟ್ಟಗಳನ್ನು ಕಂಡು, 1900ರಲ್ಲಿ ಅವುಗಳಿಗೆ 'ಇನ್ಸೆಲ್‌ಬರ್ಗ್' ಎಂಬ ಹೆಸರನ್ನಿಟ್ಟನು. 'ಇನ್ಸೆಲ್' ಎಂದರೆ ದ್ವೀಪ, 'ಬರ್ಗ್' ಎಂದರೆ ಬೆಟ್ಟ. ಕನ್ನಡದಲ್ಲಿ ಇದನ್ನು ದ್ವೀಪಗಿರಿ ಎನ್ನಬಹುದು. ಚಿಕ್ಕಬಳ್ಳಾಪುರವು ಸಮುದ್ರಮಟ್ಟದಿಂದ ಸುಮಾರು 915 ಮೀಟರು ಎತ್ತರದಲ್ಲಿದೆ. ಅದರ ಮಗ್ಗುಲಲ್ಲಿ ನಂದಿದುರ್ಗದ ನೆತ್ತಿಯು 1478 ಮೀಟರುಗಳನ್ನು ಮುಟ್ಟುತ್ತದೆ. ಉತ್ತರಕ್ಕೆ ನೆಲವು ಇಳಿಯುತ್ತ ಹೋಗಿ ಗೌರಿಬಿದನೂರಿನಲ್ಲಿ 700 ಮೀಟರಿನ ಆಸುಪಾಸಿಗೆ ಬರುತ್ತದೆ. ನಂದಿ, ಸ್ಕಂದಗಿರಿಯೆಂಬ ಕಳವಾರದುರ್ಗ, ಚನ್ನಗಿರಿ, ಬ್ರಹ್ಮಗಿರಿ, ದಿವ್ಯಗಿರಿ ಮೊದಲಾದ ಬೆಟ್ಟಗಳನ್ನು ಒಟ್ಟುಗೂಡಿಸಿ ಪಂಚಗಿರಿಗಳೆಂದು ಕರೆಯುವ ವಾಡಿಕೆಯುಂಟು. ಪೂರ್ವದಲ್ಲಿ ಚಿಂತಾಮಣಿಯ ಕಡೆಗೆ ಅಂಬಾಜಿದುರ್ಗವೂ ಕೈವಾರದ ಬೆಟ್ಟವೂ ಇದೇ ಬಗೆಯ ಬಂಡೆಗಿರಿಗಳಾಗಿವೆ.

ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪಗಳ ಕಲ್ಲುಕಂಬಗಳು ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದಿಂದ ಅಗಲಿದ ಕಾಲದಲ್ಲಿ, ಉಕ್ಕಿಬಂದ ಲಾವಾರಸವು ಆರಿ ಹೆಪ್ಪುಗಟ್ಟಿ ಆದವು. ಈ ಸೀಮೆಯ ಗ್ರಾನೈಟ್ ಶಿಲೆಯಾದರೋ ಸುಮಾರು 250 ಕೋಟಿ ವರ್ಷಗಳಷ್ಟು ಹಿಂದೆ ಭೂಗರ್ಭದಲ್ಲಿಯೇ ಘನೀಭವಿಸಿದುದು. ಆದುದರಿಂದ ಬೆಟ್ಟವು ಮೇಲಕ್ಕೆ ಚಿಮ್ಮಿತೆಂದು ಮಕ್ಕಳಿಗೆ ಹೇಳುವುದು ಸರಿಯಲ್ಲ. ಸುತ್ತಲ ನೆಲವೇ ಸವೆದು ಕೆಳಗಿಳಿಯಿತು. ಬಿರುಕುಗಳು ಹೆಚ್ಚಾಗಿದ್ದ ಕಡೆ ನೀರು ಒಳಹೊಕ್ಕು ಶಿಲೆಯನ್ನು ಕೊಳೆಯಿಸಿ ಗರಸನ್ನಾಗಿಸಿತು. ಮಳೆಯ ಹೊನಲು ಅದನ್ನು ಕೊಚ್ಚಿ ಒಯ್ದಿತು. ಬಿರುಕು ವಿರಳವಾಗಿದ್ದ ಗಟ್ಟಿ ಶಿಲೆ ಉಳಿದು ಬೆಟ್ಟವೆನಿಸಿತು. ಇಂದಿಗೂ ಬಂಡೆಯ ಮೈ ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಸುಲಿದು ಬೀಳುವುದನ್ನು ಅಲ್ಲಲ್ಲಿ ಕಾಣಬಹುದು.

ಎತ್ತರವು ಹವೆಯನ್ನು ಬದಲಿಸುತ್ತದೆ. ಸಾವಿರ ಮೀಟರು ಏರಿದರೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ತಾಪ ಇಳಿಯುವುದೆಂಬ ಲೆಕ್ಕದಲ್ಲಿ, ಬುಡಕ್ಕಿಂತ ನಂದಿಯ ನೆತ್ತಿಯು ಮೂರೂವರೆ ಡಿಗ್ರಿಗಳಷ್ಟು ತಂಪು. ಬೆಳಗಿನ ಮೋಡವು ಅಲ್ಲಿ ಮರಗಳನ್ನು ತಬ್ಬಿ ನಿಲ್ಲುತ್ತದೆ; ಕೊಂಬೆಗಳ ಮೇಲೆ ಹಾವಸೆ ಬೆಳೆಯುತ್ತದೆ. ಕೆಳಗೆ ಬಂದ್ರೆ, ಲಂಟಾನ, ಜಾಲಿಗಳ ಕುರುಚಲು. ಮೇಲೆ ನಿತ್ಯಹರಿದ್ವರ್ಣದ ತೋಪು. ಪಶ್ಚಿಮಘಟ್ಟಗಳಿಗೆ ಮೀಸಲೆನ್ನಬಹುದಾದ ನೀಲಗಿರಿ ಕಾಡುಪಾರಿವಾಳವು ನಡುವಣ ಒಣಬಯಲನ್ನು ದಾಟಿ ಇಲ್ಲಿಯೂ ಕಾಣಿಸಿಕೊಂಡಿದೆ. ದಕ್ಷಿಣ ಭಾರತದ ಬಂಡೆಬೆಟ್ಟಗಳಲ್ಲಿ ಮಾತ್ರ ಬಾಳುವ ಹಳದಿ ಕೊರಳಿನ ಪಿಕಳಾರಕ್ಕೂ ಇಲ್ಲಿನ ಕಲ್ಲುಪೊದೆಗಳೇ ಆಶ್ರಯ. ಕಡಲ ದ್ವೀಪದಲ್ಲಿ ಸಿಕ್ಕಿದ ಜೀವಿಗೆ ಸುತ್ತಲೂ ನೀರು ಹೇಗೆ ಎಲ್ಲೆಯೋ, ಮೋಡದ ತೋಪನ್ನು ನೆಚ್ಚಿದ ಹಕ್ಕಿಗೆ ಸುತ್ತಲ ಒಣಬಯಲೂ ಹಾಗೆಯೇ ಎಲ್ಲೆಯಾಗುತ್ತದೆ. ಆ ತೋಪು ಅಳಿದರೆ ಅದಕ್ಕೆ ಹತ್ತಿರದಲ್ಲಿ ಮತ್ತೊಂದು ನೆಲೆಯಿಲ್ಲ.

ದ್ವೀಪದ ಲಕ್ಷಣವು ಎಲ್ಲಕ್ಕಿಂತ ಮಿಗಿಲಾಗಿ ತೋರುವುದು ನದಿಗಳಲ್ಲಿ. ಉಷ್ಣವಲಯದ ಶ್ರೀಲಂಕಾ ದ್ವೀಪದಲ್ಲಿ ನಡುವಣ ಮಲೆಯಿಂದ ಮಹಾವೇಲಿಯು ಈಶಾನ್ಯಕ್ಕೂ ಕೆಲಣಿಯು ಪಶ್ಚಿಮಕ್ಕೂ ವಳವೆಯು ದಕ್ಷಿಣಕ್ಕೂ, ಗಾಲಿಯ ಗುಂಬದಿಂದ ಅರೆಕಾಲುಗಳು ಹೊರಟಂತೆ, ಹರಿಯುತ್ತವೆ. ಈ ಸೀಮೆಯ ಬೆಟ್ಟಗಳಲ್ಲಿಯೂ ಅದೇ ಕ್ರಮ. ಉತ್ತರಪಿನಾಕಿನಿಯು ಗೌರಿಬಿದನೂರಿನ ಮಾರ್ಗವಾಗಿ, ವಿದುರಾಶ್ವತ್ಥದ ದಡವನ್ನು ತೊಳೆದು, ಆಂಧ್ರವನ್ನು ಹೊಕ್ಕು, ಸುಮಾರು 597 ಕಿಲೋಮೀಟರು ಕ್ರಮಿಸಿ ನೆಲ್ಲೂರಿನಾಚೆ ಕಡಲನ್ನು ಸೇರುತ್ತದೆ. ದಕ್ಷಿಣಪಿನಾಕಿನಿಯು ಹೊಸಕೋಟೆಯ ಕಡೆಗೆ ಇಳಿದು ತಮಿಳುನಾಡಿನಲ್ಲಿ ಪೆಣ್ಣೈಯಾರ್ ಎನಿಸುತ್ತದೆ. ಅರ್ಕಾವತಿಯು ದೊಡ್ಡಬಳ್ಳಾಪುರದ ಮೂಲಕ ಹರಿದು ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಚಿಕ್ಕಬಳ್ಳಾಪುರದ ಬಳಿಯ ಚಿತ್ರಾವತಿ, ಶಿಡ್ಲಘಟ್ಟದ ಕಡೆಯ ಪಾಪಘ್ನಿ, ಇವೆರಡೂ ಆಂಧ್ರದಲ್ಲಿ ಉತ್ತರಪಿನಾಕಿನಿಗೆ ಉಪನದಿಗಳು. ಪಾಲಾರ್ ನದಿಯ ಮೂಲವೂ ಪೂರ್ವದ ಈ ಮೇಟಿನೆಲದಲ್ಲಿಯೇ ಇದೆ.

ನಾಮಾರ್ಥಗಳೂ ಮನನೀಯ. ಪಿನಾಕವೆಂದರೆ ಶಿವನ ಧನುಸ್ಸು. ಪಾಪಘ್ನಿ ಎಂದರೆ ಪಾಪವನ್ನು ಕಳೆಯುವವಳು. ಪಾಲಾರ್ ಎಂದರೆ ಹಾಲಿನ ಹೊಳೆ. 1892ರಲ್ಲಿ ಮೈಸೂರು ಮತ್ತು ಮದರಾಸು ಸರ್ಕಾರಗಳು ಮಾಡಿಕೊಂಡ ನೀರಿನ ಒಡಂಬಡಿಕೆಯಲ್ಲಿ ಪಿನಾಕಿನಿಗಳೆರಡೂ ಚಿತ್ರಾವತಿ, ಪಾಪಘ್ನಿ, ಪಾಲಾರ್‌ಗಳೂ ಹೆಸರಿಸಲ್ಪಟ್ಟಿವೆ. ಇಲ್ಲಿ ಹಳ್ಳದಂತೆ ತೋರುವ ಹರಿವು ಕೆಳಗಿನ ನಾಡುಗಳಿಗೆ ಎಷ್ಟು ಬೆಲೆಯುಳ್ಳದ್ದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೀಗೆ ಮೂರು ರಾಜ್ಯಗಳಿಗೆ ನದಿಗಳನ್ನು ಕಳುಹಿಸುವ ಈ ನೆಲದಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಮಳೆಯು ಅಲ್ಪ, ಅದರ ಬಹುಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಆಸುಪಾಸಿನಲ್ಲಿ ಸುರಿಯುತ್ತದೆ. ಬಂಡೆಯು ನೀರನ್ನು ಕುಡಿಯದು. ಬುಡದ ಗರಸುನೆಲ ಮಾತ್ರ ಹೀರಿ ಹಿಡಿದಿಡಬಲ್ಲುದು. ಇದನ್ನರಿತ ಪೂರ್ವಿಕರು ಬೆಟ್ಟದ ಬುಡದಿಂದ ಕುಂಟೆ, ಕಟ್ಟೆ, ಕೆರೆಗಳನ್ನು ಸಾಲಾಗಿ ಕಟ್ಟಿ, ಮೇಲಿನ ಕೆರೆಯ ಕೋಡಿಯ ನೀರು ರಾಜಕಾಲುವೆಯಲ್ಲಿ ಇಳಿದು ಕೆಳಗಿನ ಕೆರೆಯನ್ನು ತುಂಬುವಂತೆ ಅನುಗೊಳಿಸಿದರು. ನಿಂತ ನೀರು ಇಂಗಿ ತಲಪರಿಗೆಯಾಗಿ ಒಸರುತ್ತಿತ್ತು. ಕಪಿಲೆಯ ಬಾವಿಗೆ ಸೆಲೆಯಾಗುತ್ತಿತ್ತು. ನೀರಿನ ಶಾಸ್ತ್ರದಲ್ಲಿ ಜಗದ್ವಿಖ್ಯಾತರಾದ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯು ಇದೇ ಗಿರಿಶ್ರೇಣಿಯ ತಪ್ಪಲಲ್ಲಿದೆ ಎಂಬುದು ಸ್ಮರಣೀಯ.

ಆ ಸರಪಳಿಯ ಕೊಂಡಿಗಳು ಒಂದೊಂದಾಗಿ ಕಳಚಿದವು. ರಾಜಕಾಲುವೆಗಳು ಒತ್ತುವರಿಯಾದವು, ಕೆರೆಗಳಲ್ಲಿ ಹೂಳು ತುಂಬಿತು, ಕಲ್ಲುಗಣಿಗಳು ಬೆಟ್ಟದ ಇಳಿಜಾರನ್ನೇ ಕೆಡಿಸಿದವು. ಶಿಡ್ಲಘಟ್ಟದ ಹಿಪ್ಪುನೇರಳೆ, ಚಿಕ್ಕಬಳ್ಳಾಪುರದ ದ್ರಾಕ್ಷಿ, ಚಿಂತಾಮಣಿಯ ಟೊಮೇಟೊ ಇವೆಲ್ಲ ಕೊಳವೆಬಾವಿಗಳನ್ನು ನೆಚ್ಚಿದವು. ಬಾವಿಗಳು ಸಾವಿರ ಅಡಿಗಳನ್ನು ಮೀರಿ ಇಳಿದವು. ಆಳದ ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಂಡು ಬಂದು, ಮಕ್ಕಳ ಹಲ್ಲುಗಳಲ್ಲಿ ಕಲೆಯಾಗಿ ಹಿರಿಯರ ಮೂಳೆಗಳಲ್ಲಿ ನೋವಾಗಿ ತೋರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಮೂಲಕ, ಬೆಂಗಳೂರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ ಕಂದವಾರ ಕೆರೆಯೇ ಮೊದಲಾದವುಗಳಿಗೆ ತುಂಬಲಾಗಿದೆ. ಹಿಂದೆ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳ ಜಲಾಶಯಗಳಿಗೆ ಅರ್ಕಾವತಿಯನ್ನು ಕಳುಹಿಸಿ ಆ ನಗರದ ದಾಹ ತೀರಿಸಿದ ಗಿರಿಯ ಮಡಿಲು, ಈಗ ಆ ನಗರದ ಬಳಸಿದ ನೀರಿಗೆ ಕೈಯೊಡ್ಡಿ ನಿಂತಿದೆ. ಆ ನೀರು ಅಂತರ್ಜಲಕ್ಕೆ ಒತ್ತಾಸೆಯಾದೀತು. ಬೆಟ್ಟದ ಮಳೆಗೆ ಅದು ಬದಲಲ್ಲ.

ಈ ಪಾಠವನ್ನು ಉಪಾಧ್ಯಾಯರು ಗೋಡೆಯ ಭೂಪಟದಿಂದ ಮಾತ್ರ ಹೇಳಿ ಮುಗಿಸಬಾರದು. ಮಳೆಗಾಲದ ಒಂದು ದಿನ ವಿದ್ಯಾರ್ಥಿಗಳನ್ನು ಸಮೀಪದ ಗುಡ್ಡಕ್ಕೆ ಕರೆದೊಯ್ದು, ಬಂಡೆಯ ಮೇಲೆ ಬಿದ್ದ ಹನಿಯು ಯಾವ ಕಾಲುವೆ ಹಿಡಿದು, ಯಾವ ಕೆರೆಗೆ ಸೇರಿ, ಯಾವ ನದಿಯ ಹೆಸರನ್ನು ಪಡೆಯುವುದೆಂಬುದನ್ನು ನಡೆದು ತೋರಿಸಬೇಕು. ಎಲ್ಲಿ ಅದರ ದಾರಿ ಮುಚ್ಚಿಹೋಗಿದೆಯೋ ಅದನ್ನು ಬರೆದಿಡಿಸಬೇಕು. ಕೆರೆ ಕಟ್ಟಿಸುವುದನ್ನು ಈ ನಾಡು ಪುಣ್ಯವೆಂದು ಎಣಿಸಿತು. ಕಟ್ಟಿದ ಕೆರೆಗೆ ನೀರು ಬರುವ ಹಾದಿಯನ್ನು ಬಿಡಿಸಿಕೊಡುವುದೂ ಅದಕ್ಕೆ ಕಡಿಮೆಯಾದ ಪುಣ್ಯವಲ್ಲ. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಕೈಗೂಡಿಸಲು ಇದಕ್ಕಿಂತ ಸಮೀಪದ ಕಾರ್ಯವಿಲ್ಲ. ದ್ವೀಪವೆಂಬ ಶಬ್ದದಿಂದ 'ಅಪ್' ಎಂಬುದನ್ನು ತೆಗೆದರೆ ಉಳಿಯುವುದು 'ದ್ವಿ' ಮಾತ್ರ, ಕೂಡದೆ ಉಳಿದ ಎರಡು. ಬೆಟ್ಟ ಮತ್ತು ಬಯಲುಗಳನ್ನು ಕೂಡಿಸಿರುವುದು ನೀರೊಂದೇ.