ಒಂಟಿ ಫೋಟಾನ್ ಬೇಕೇ? ಕುಡುಮಲಕುಂಟೆ ಕಡೆಯ ವಿದ್ಯಾರ್ಥಿಗಳಿಗೆ ಆರು ಸೂತ್ರ

ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಕೆಲಸ ಸಿಕ್ಕರೆ ಸಾಕು ಅನ್ನುವ ಬಿಇ, ಬಿಎಸ್ಸಿ ವಿದ್ಯಾರ್ಥಿಗಳೇ, ಕ್ವಾಂಟಮ್ ನಮಗೆ ದೂರ ಅಂದುಕೊಳ್ಳಬೇಡಿ. ನಮ್ಮದೇ ಗೌರಿಬಿದನೂರಿನ ಬಯಲಲ್ಲಿ 34.5 ಮೆಗಾಹರ್ಟ್ಸ್‌ನ ರೇಡಿಯೊ ದೂರದರ್ಶಕ ಕಟ್ಟುವಲ್ಲಿ ಕೈಜೋಡಿಸಿದ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೇ 2021ರಲ್ಲಿ ಎರಡು ಕಟ್ಟಡಗಳ ನಡುವೆ ಗಾಳಿಯಲ್ಲೇ ಕ್ವಾಂಟಮ್ ಕೀಲಿ, ಅಂದರೆ ಸಂದೇಶವನ್ನು ಗುಟ್ಟಾಗಿಡುವ ಸಂಕೇತ, ಹಂಚಿ ತೋರಿಸಿತು. ಇಂಥ ಕೀಲಿ ಸಾಗುವುದು ಬೆಳಕಿನ ಒಂಟಿ ಕಣಗಳ, ಅಂದರೆ ಫೋಟಾನ್‌ಗಳ ಮೇಲೆ. ಅವನ್ನು ಪಡೆಯುವ ಮೂಲ ಆರಿಸಲು ಈ ಆರು ಸೂತ್ರ.

1. ಯಾವ ಫೋಟಾನ್ ಮೂಲ ಶ್ರೇಷ್ಠ ಎಂದು ಕೇಳಬೇಡಿ. ಯಾವ ಕೆಲಸಕ್ಕೆ ಎಂದು ಕೇಳಿ.

2. ಲೇಸರನ್ನು ಹಗುರವಾಗಿ ಕಾಣಬೇಡಿ. ಒಂದು ಮಿಡಿತಕ್ಕೆ ಸರಾಸರಿ 0.1 ಫೋಟಾನ್ ಬರುವಷ್ಟು ಮಂಕು ಮಾಡಿದರೆ, 1000 ಮಿಡಿತಗಳಲ್ಲಿ ಸುಮಾರು 905 ಖಾಲಿ, 90ರಲ್ಲಿ ಒಂದೇ ಫೋಟಾನ್, 5ರಲ್ಲಿ ಎರಡು ಅಥವಾ ಹೆಚ್ಚು. ಕೀಲಿ ಕದಿಯುವವನ ಕಣ್ಣು ಆ ಐದರ ಮೇಲೆ: ಒಂದು ಫೋಟಾನ್ ಇಟ್ಟುಕೊಂಡು ಉಳಿದದ್ದನ್ನು ಮುಂದೆ ಬಿಡಬಹುದಲ್ಲ. ನಡುನಡುವೆ ಹುಸಿ ಮಿಡಿತ ಬೆರೆಸಿ ಅವನನ್ನು ಹಿಡಿಯುವ ಉಪಾಯ 2003ರಲ್ಲಿ ಬಂತು. ಕಡಿಮೆ ಖರ್ಚಿನಲ್ಲಿ ಕೀಲಿ ಹಂಚಲು ಇವತ್ತಿಗೂ ನನ್ನ ಮತ ಲೇಸರಿಗೇ.

3. ಹೆಣೆದುಕೊಂಡ (ಎಂಟ್ಯಾಂಗಲ್ಡ್) ಫೋಟಾನ್ ಜೋಡಿ ಬೇಕಾದರೆ ಹರಳಿಗೆ ಹೋಗಿ. 405 ನ್ಯಾನೋಮೀಟರಿನ ನೇರಳೆ ಲೇಸರ್ ಹಾಯಿಸಿದರೆ ಒಮ್ಮೊಮ್ಮೆ ಒಂದು ಫೋಟಾನ್ ಒಡೆದು 810ರ ಎರಡಾಗುತ್ತದೆ. ಒಂದನ್ನು ಹಿಡಿದರೆ ಇನ್ನೊಂದು ಹೊರಟಿದೆ ಎಂದು ಖಾತ್ರಿ. ಆದರೆ ಜೋಡಿ ಯಾವಾಗ ಹುಟ್ಟುತ್ತದೋ ಹೇಳಲಾಗದು. ಆತುರಪಟ್ಟು ಲೇಸರ್ ಏರಿಸಿದರೆ ಎರಡೆರಡು ಜೋಡಿ ಒಟ್ಟಿಗೇ ಬಂದು ಲೆಕ್ಕ ಕೆಡುತ್ತದೆ.

4. ಕೇಳಿದಾಗ ಒಂದೇ ಒಂದು ಫೋಟಾನ್ ಕೊಡುವುದರಲ್ಲಿ ಕ್ವಾಂಟಮ್ ಡಾಟ್ ಎಂಬ ಅರೆವಾಹಕದ ಪುಟ್ಟ ಚುಕ್ಕೆ ಮುಂದು. ಆದರೆ ಅದಕ್ಕೆ ಸಾಮಾನ್ಯವಾಗಿ ಮೈನಸ್ 269 ಡಿಗ್ರಿಯ ಚಳಿ ಬೇಕು. ಡಾಟ್‌ಗಿಂತ ಮೊದಲು ಆ ಚಳಿ ಕೊಡುವ ಕ್ರಯೋಸ್ಟಾಟಿನ ಬೆಲೆ ವಿಚಾರಿಸಿ, ಕರೆಂಟ್ ಹೋದರೆ ಗತಿಯೇನು ಎಂದೂ ಯೋಚಿಸಿ (ನಮ್ಮ ಕಡೆ ಇದು ಸಣ್ಣ ಮಾತಲ್ಲ). ವಜ್ರದೊಳಗಿನ ನೈಟ್ರೋಜನ್ ಕೇಂದ್ರ ಕೋಣೆಯ ಬಿಸಿಯಲ್ಲೇ ಬೆಳಗುತ್ತದೆ, ಆದರೆ ಅದರ ಬೆಳಕಿನಲ್ಲಿ ಒಂದೇ ಬಣ್ಣದ ಶುದ್ಧ ಪಾಲು ಬಹಳ ಕಡಿಮೆ.

5. ದಾರಿ ನೋಡಿ ಬಣ್ಣ ಆರಿಸಿ. ಆಪ್ಟಿಕಲ್ ಫೈಬರಿನಲ್ಲಿ 810 ನ್ಯಾನೋಮೀಟರಿನ ಬೆಳಕು ಸುಮಾರು ಒಂದು ಕಿಲೋಮೀಟರಿಗೇ ಅರ್ಧಕ್ಕಿಳಿಯುತ್ತದೆ. 1550 ಆದರೆ 15 ಕಿಲೋಮೀಟರ್ ಸಾಗಿದ ಮೇಲೆ.

6. ಮಾರುವವನ ಮಾತು ನಂಬುವ ಮೊದಲು ಜಿ-2 ಅಂಕಿ ಕೇಳಿ. ಬೆಳಕನ್ನು ಎರಡು ಡಿಟೆಕ್ಟರಿಗೆ ಸೀಳಿದಾಗ ಎರಡೂ ಒಟ್ಟಿಗೆ ಟಿಕ್ ಎನ್ನುವ ಪ್ರಮಾಣ ಅದು. ಲೇಸರಿಗೆ 1, ಆದರ್ಶ ಒಂಟಿ ಫೋಟಾನಿಗೆ 0. ಅರ್ಧಕ್ಕಿಂತ ಮೇಲಿದ್ದರೆ ಒಂಟಿ ಫೋಟಾನ್ ಎಂಬ ಮಾತಿಗೆ ಪುರಾವೆ ಸಾಲದು.

ರಾಮನ್ ಸಂಸ್ಥೆಯಲ್ಲಿ ವಿಸಿಟಿಂಗ್ ವಿದ್ಯಾರ್ಥಿಗಳ ಕಾರ್ಯಕ್ರಮವಿದೆ. ದೊಡ್ಡಬಳ್ಳಾಪುರ, ಯಲಹಂಕ ದಾಟಿ ಮೇಖ್ರಿ ಸರ್ಕಲ್ಲಿನಲ್ಲಿ ಇಳಿದರೆ ಸಂಸ್ಥೆ ಅಲ್ಲೇ ಹತ್ತಿರ. ಅರ್ಜಿ ಹಾಕಿ.