ಐದು ನಿಮಿಷದ ಬೆಂಕಿ, ಬೋಗುಣಿ ತುಂಬ ಬುರುಗು

ಪಿಂಗಾಣಿ ಬಟ್ಟಲು ಕೈಜಾರಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಪಿಂಗಾಣಿಯ ಬಳಗಕ್ಕೆ ಸೇರಿದ, ಕಾವಿಗೆ ಜಗ್ಗದ ಗಟ್ಟಿ ವಸ್ತುಗಳನ್ನು ಸೆರಾಮಿಕ್ ಎನ್ನುತ್ತೇವೆ. ಅವುಗಳಲ್ಲಿ ಬಿರುಕೊಂದು ಹುಟ್ಟಿದರೆ ತಡೆಯಿಲ್ಲದೆ ಓಡುತ್ತದೆ. ಆದರೆ ಅಲ್ಯೂಮಿನಾ ಎಂಬ ಸೆರಾಮಿಕ್ಕಿನೊಳಗೆ ಜಿರ್ಕೋನಿಯಾ ಎಂಬ ಇನ್ನೊಂದು ಸೆರಾಮಿಕ್ಕಿನ ಸಣ್ಣ ಕಣಗಳನ್ನು ಹರಡಿದರೆ, ಬಿರುಕು ಹತ್ತಿರ ಬಂದಾಗ ಆ ಕಣಗಳು ತುಸು ಉಬ್ಬಿ ಅದರ ಬಾಯನ್ನು ಅದುಮುತ್ತವೆ. ಹೀಗೆ ಎರಡು ವಸ್ತುಗಳು ತಮ್ಮತನ ಬಿಡದೆ ಒಂದಾಗಿ ದುಡಿಯುವುದನ್ನು ಕಾಂಪೊಸಿಟ್ ಎನ್ನುತ್ತಾರೆ. ಕೃತಕ ಸೊಂಟದ ಕೀಲುಗಳಿಗೂ ಈ ಜೋಡಿ ಬಳಕೆಯಲ್ಲಿದೆ.

ಕಣಗಳು ಎಲ್ಲೆಡೆ ಸಮನಾಗಿ ಹರಡಬೇಕು, ನ್ಯಾನೋಮೀಟರಿನ ಲೆಕ್ಕದಲ್ಲಿರಬೇಕು. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲೇ ನ್ಯಾನೋಮೀಟರ್. ಒಣ ಪುಡಿಗಳನ್ನು ಅರೆದು ಬೆರೆಸಿ ಇಷ್ಟು ನಯ ತರುವುದು ಬಹಳ ಕಷ್ಟ. ಹಾಗಾದರೆ ನೀರಿನಲ್ಲೇ ಬೆರೆಸಿದರೆ? ಈ ದಾರಿಯನ್ನು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಸಿ. ಪಾಟೀಲ್ ಮತ್ತು ಜೆ. ಜೆ. ಕಿಂಗ್ಸ್ಲಿ 1988ರಲ್ಲಿ ಪ್ರಕಟಿಸಿದರು. ಇದೇ ದ್ರಾವಣ ದಹನ ವಿಧಾನ.

ಮೊದಲು ಅಲ್ಯೂಮಿನಾ ಒಂದನ್ನೇ ನೋಡೋಣ. ಬೇಕಾದದ್ದು ಎರಡು: ಉರಿಯಲು ಆಮ್ಲಜನಕ ಒದಗಿಸುವ ಅಲ್ಯೂಮಿನಿಯಂ ನೈಟ್ರೇಟ್, ಇಂಧನವಾಗಿ ಯೂರಿಯಾ. ಹೌದು, ಹೊಲಕ್ಕೆ ಹಾಕುವ ಅದೇ ಯೂರಿಯಾ. ಎಷ್ಟೆಷ್ಟು? ಇಲ್ಲಿ ಸ್ವಲ್ಪ ನಿಧಾನಿಸಿ, ವಿಧಾನದ ಜೀವ ಇರುವುದು ಈ ಲೆಕ್ಕದಲ್ಲೇ. ನೈಟ್ರೇಟಿನ ಒಂದು ಘಟಕದ ಉತ್ಕರ್ಷಕ ಬಲ, ಅಂದರೆ ಉರಿಸುವ ಬಲ, 15, ಯೂರಿಯಾದ ಒಂದು ಅಣುವಿನ ಇಂಧನ ಬಲ 6. ತಕ್ಕಡಿ ಸಮವಾಗಲು 15ನ್ನು 6ರಿಂದ ಭಾಗಿಸಿ: ಒಂದಕ್ಕೆ ಎರಡೂವರೆ. ತೂಕದಲ್ಲಿ ಹೇಳುವುದಾದರೆ, ಹರಳು ನೈಟ್ರೇಟ್ 20 ಗ್ರಾಂಗೆ ಯೂರಿಯಾ 8 ಗ್ರಾಂ. ಕಾಂಪೊಸಿಟ್ ಬೇಕಾದರೆ ಜಿರ್ಕೋನಿಯಂನ ನೈಟ್ರೇಟನ್ನೂ ಅದೇ ನೀರಿನಲ್ಲಿ ಕರಗಿಸಿ, ಯೂರಿಯಾವನ್ನು ಮತ್ತೆ ಲೆಕ್ಕ ಹಾಕುತ್ತಾರೆ.

ದ್ರಾವಣದ ಬೋಗುಣಿಯನ್ನು 500 ಡಿಗ್ರಿ ಸೆಲ್ಸಿಯಸ್ ಕಾವಿನ ಕುಲುಮೆಯಲ್ಲಿಡುತ್ತಾರೆ. ಅದು ಕುದಿದು, ಮಂದವಾಗಿ, ಹಾಲಿನಂತೆ ಉಕ್ಕಿ ಬರುತ್ತದೆ. ನೊರೆಯ ಒಂದು ಕಡೆ ಕಿಡಿ ಕಾಣಿಸಿದ್ದೇ ತಡ, ಬೆಳ್ಳಗಿನ ಜ್ವಾಲೆ ಇಡೀ ಬೋಗುಣಿಗೆ ಹಬ್ಬುತ್ತದೆ. ಉರಿಯ ಕಾವು ಸುಮಾರು 1500 ಡಿಗ್ರಿ! ಎಲ್ಲ ಸೇರಿ ಐದು ನಿಮಿಷವೂ ಹಿಡಿಯದು. ಭುಸುಗುಟ್ಟಿ ಹೊರಡುವ ಅನಿಲಗಳು ಕಾವನ್ನು ಹೊತ್ತೊಯ್ಯುವುದರಿಂದ ಕಣಗಳಿಗೆ ಒಂದಕ್ಕೊಂದು ಅಂಟಿ ದಪ್ಪವಾಗಲು ಪುರಸೊತ್ತಿಲ್ಲ. ನೀರಿನಲ್ಲಿ ಬೆರೆತಿದ್ದ ಎರಡು ಲೋಹಗಳಿಗೆ ದೂರ ಸರಿಯಲೂ ಸಮಯವಿಲ್ಲ.

ಇದನ್ನು ಮನೆಯಲ್ಲಿ ಮಾಡಬೇಡಿ. ವಿಷಗಾಳಿ ಹೊರಗೆಳೆಯುವ ವ್ಯವಸ್ಥೆಯುಳ್ಳ ಪ್ರಯೋಗಾಲಯದಲ್ಲಿ, ಬಲ್ಲವರ ಪಕ್ಕದಲ್ಲಿ ನಿಂತು ನೋಡಿ. ಆರಿದ ಮೇಲೆ ಬೋಗುಣಿ ತುಂಬ ಬಿಳಿ ಬುರುಗು ಕಾಣುತ್ತದೆ. 20 ಗ್ರಾಂ ನೈಟ್ರೇಟಿನಿಂದ ಬಂದ ಬರೀ ಅಲ್ಯೂಮಿನಾವನ್ನು ತೂಗಿದರೆ ಮೂರು ಗ್ರಾಂ ಕೂಡ ಇರುವುದಿಲ್ಲ. ಕಡ್ಡಿಯಿಂದ ಮೆಲ್ಲಗೆ ಒತ್ತಿದರೆ ಸಾಕು, ಪುಡಿಯಾಗಿ ಕುಸಿಯುತ್ತದೆ.